ದ್ವಿಚಕ್ರ ವಾಹನದಲ್ಲಿ ದೂರ ಪ್ರಯಾಣ ಮತ್ತು ಬಯಲು ವಾಸ್ತವ್ಯ: ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಿಂದ ಪ್ರತಿ ವರ್ಷ ಯುಗಾದಿಗೆ ಮುನ್ನ ಅಪಾರ ಸಂಖ್ಯೆಯ ಭಕ್ತರು ಶ್ರೀಶೈಲಕ್ಕೆ ತೆರಳುತ್ತಾರೆ. ಪಾದಯಾತ್ರಿಗಳಲ್ಲದೆ ಮೋಟಾರು ಸೈಕಲ್‌ಗಳಲ್ಲಿ ಹೊರಡುವವರೂ ಇದ್ದಾರೆ. ಪಂಢರಪುರ, ಹಂಪಿ, ಗೋವಾ ಮುಂತಾದ ಸ್ಥಳಗಳಿಗೂ ಯುವಕರು ಡೇರೆ ಹಾಗೂ ಹಾಸಿಗೆ ಕಟ್ಟಿಕೊಂಡು ಹೋಗುವುದುಂಟು. ಇಂತಹ ಪ್ರಯಾಣದ ಸುರಕ್ಷತೆಯು ಬಹುಪಾಲು ಹೊರಡುವ ಮೊದಲೇ ನಿರ್ಧಾರವಾಗುತ್ತದೆ. ವಾಹನದ ಮೇಲೆ ಎಷ್ಟು ತೂಕ, ರಾತ್ರಿ ಎಲ್ಲಿ ತಂಗುವುದು, ದಾಖಲೆಗಳು ಸಿಂಧುವಾಗಿವೆಯೇ ಎಂಬ ಮೂರು ಪ್ರಶ್ನೆಗಳಿಗೆ ಮನೆಯಲ್ಲಿಯೇ ಉತ್ತರ ಕಂಡುಕೊಳ್ಳುವುದು ಅವಶ್ಯ. ಈ ಕುರಿತ ವಿವರಗಳನ್ನು ಕೆಳಗೆ ನೀಡಲಾಗಿದೆ.

2. ತೂಕದ ಲೆಕ್ಕ

ಪ್ರತಿ ವಾಹನಕ್ಕೂ ತಯಾರಕರು ಗರಿಷ್ಠ ಹೊರೆಯನ್ನು ನಿಗದಿಪಡಿಸಿರುತ್ತಾರೆ. ವಾಹನದೊಡನೆ ನೀಡುವ ಕೈಪಿಡಿಯಲ್ಲಿ ಇದು ಲಭ್ಯವಿರುತ್ತದೆ. ಗ್ರಾಮೀಣ ಭಾಗದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 100 ಸಿ.ಸಿ. ವಾಹನಗಳಲ್ಲಿ ಈ ಮಿತಿಯು 130 ಕಿ.ಗ್ರಾಂ. ಆಸುಪಾಸಿನಲ್ಲಿರುತ್ತದೆ. ಸವಾರರು, ಅವರ ಹೆಲ್ಮೆಟ್ ಮತ್ತು ಸಾಮಾನುಗಳ ಒಟ್ಟು ತೂಕವು ಈ ಮಿತಿಯೊಳಗೆ ಇರತಕ್ಕದ್ದು. ಉದಾಹರಣೆಗೆ:

ಗರಿಷ್ಠ ಹೊರೆ: 130 ಕಿ.ಗ್ರಾಂ.
ಸವಾರರ ತೂಕ: 65 ಕಿ.ಗ್ರಾಂ.
ಹಿಂಬದಿ ಸವಾರರ ತೂಕ: 58 ಕಿ.ಗ್ರಾಂ.
ಸಾಮಾನಿಗೆ ಉಳಿಯುವುದು: 7 ಕಿ.ಗ್ರಾಂ.

ಅಂದರೆ ಇಬ್ಬರು ಕುಳಿತ ವಾಹನದಲ್ಲಿ ಎರಡು ಹೆಲ್ಮೆಟ್, ಬಟ್ಟೆ, ನೀರು ಮತ್ತು ಬುತ್ತಿಯ ಹೊರತು ಬೇರೇನಕ್ಕೂ ಅವಕಾಶವಿರುವುದಿಲ್ಲ. ಆದ್ದರಿಂದ ಡೇರೆ ಮತ್ತು ಹಾಸಿಗೆ ಒಯ್ಯುವುದಾದರೆ ಒಂದು ವಾಹನಕ್ಕೆ ಒಬ್ಬರೇ ಹೊರಡುವುದು ಸೂಕ್ತ. ಇಬ್ಬರು ಹೊರಡುವುದಾದರೆ ಡೇರೆಯನ್ನು ಬಿಟ್ಟು, ಯಾತ್ರಿ ನಿವಾಸ ಅಥವಾ ಛತ್ರಗಳಲ್ಲಿ ತಂಗುವ ಏರ್ಪಾಡು ಮಾಡಿಕೊಳ್ಳಬೇಕು. ಒಬ್ಬರೇ ಹೊರಟಾಗ ಉಳಿಯುವ ತೂಕವನ್ನೆಲ್ಲ ಹಿಂಬದಿಯ ಕ್ಯಾರಿಯರ್ ಮೇಲೆ ಹೇರುವಂತಿಲ್ಲ. ಹಿಂದೆ ಭಾರ ಹೆಚ್ಚಿದಷ್ಟೂ ಮುಂದಿನ ಗಾಲಿಯ ಹಿಡಿತ ಕಡಿಮೆಯಾಗಿ, ತಿರುವಿನಲ್ಲಿ ವಾಹನವು ಸವಾರರ ಅಂಕೆ ತಪ್ಪುತ್ತದೆ.

2020ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನಗಳ ನಿಯಮಗಳ ಪ್ರಕಾರ, ಮೋಟಾರು ಸೈಕಲ್‌ಗೆ ಅಳವಡಿಸುವ ಸಾಮಾನು ಪೆಟ್ಟಿಗೆಯು 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ ಮತ್ತು 500 ಮಿ.ಮೀ. ಎತ್ತರವನ್ನು ಮೀರುವಂತಿಲ್ಲ. ಪೆಟ್ಟಿಗೆಯನ್ನು ಹಿಂಬದಿ ಸವಾರರ ಆಸನದ ಮೇಲೆ ಇರಿಸಿದಲ್ಲಿ ಎರಡನೆಯ ವ್ಯಕ್ತಿಯನ್ನು ಕೂರಿಸುವಂತಿಲ್ಲ.

3. ಸಾಮಾನು ಕಟ್ಟುವ ಕ್ರಮ

(ಅ) ಭಾರವಾದ ವಸ್ತುಗಳನ್ನು ಕೆಳಗೆ, ಸವಾರರ ಬೆನ್ನಿಗೆ ಸಮೀಪದಲ್ಲಿ, ಎರಡೂ ಬದಿಗೆ ಸಮತೂಕವಾಗುವಂತೆ ಕಟ್ಟಬೇಕು. ಹಗುರವಾದ ಹಾಸಿಗೆಯನ್ನು ಮೇಲೆ ಇರಿಸಬಹುದು.

(ಆ) ಹಗ್ಗದ ತುದಿ, ಚೀಲದ ಪಟ್ಟಿ, ಸೀರೆಯ ಸೆರಗು ಅಥವಾ ಟವೆಲ್ ಜೋತು ಬಿದ್ದಲ್ಲಿ ಚೈನಿಗೆ ಇಲ್ಲವೇ ಗಾಲಿಗೆ ಸುತ್ತಿಕೊಳ್ಳುತ್ತದೆ. ಹೊರಟ ಹತ್ತು ಕಿ.ಮೀ. ನಂತರ ಒಮ್ಮೆ ನಿಲ್ಲಿಸಿ ಕಟ್ಟುಗಳನ್ನು ಪರೀಕ್ಷಿಸುವುದು.

(ಇ) ಸಾಮಾನುಗಳು ಹಿಂಬದಿಯ ದೀಪ, ಇಂಡಿಕೇಟರ್ ಮತ್ತು ನೋಂದಣಿ ಫಲಕವನ್ನು ಮರೆಮಾಡಬಾರದು.

(ಈ) ಪ್ಲಗ್ ಮತ್ತು ಪ್ಲಗ್ ಪಾನಾ, ಕ್ಲಚ್ ವೈರ್, ಎಕ್ಸಿಲರೇಟರ್ ವೈರ್, ಫ್ಯೂಸ್, ಒಂದು ಟ್ಯೂಬ್, ಗಾಳಿ ಪಂಪು, ಟಾರ್ಚ್ ಹಾಗೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಸುಲಭವಾಗಿ ಕೈಗೆ ಸಿಗುವಂತೆ ಇರಿಸಬೇಕು. ಟೈರಿನ ಗಾಳಿಯ ಒತ್ತಡವನ್ನು ಕೈಪಿಡಿಯಲ್ಲಿ ಪೂರ್ಣ ಹೊರೆಗೆ ಸೂಚಿಸಿರುವಂತೆ, ಟೈರು ತಣ್ಣಗಿರುವಾಗ ಹೊಂದಿಸಿಕೊಳ್ಳುವುದು.

(ಉ) ಪ್ಲಾಸ್ಟಿಕ್ ಬಾಟಲಿಗಳಲ್ಲಿ ಪೆಟ್ರೋಲ್ ಒಯ್ಯಬಾರದು.

(ಊ) ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಹಾಗೂ ಶೇಂಗಾ ಹೋಳಿಗೆ ಹಲವು ದಿನ ಕೆಡುವುದಿಲ್ಲ. ಇವುಗಳನ್ನು ಒಯ್ದಲ್ಲಿ ಒಲೆ ಮತ್ತು ಪಾತ್ರೆಗಳ ತೂಕವೂ ಬೆಂಕಿಯ ಅಪಾಯವೂ ತಪ್ಪುತ್ತದೆ. ಶ್ರೀಶೈಲ ಯಾತ್ರೆಯ ಕಾಲದಲ್ಲಿ ದಾರಿಯಲ್ಲಿ ಭಕ್ತರು ದಾಸೋಹ ನಡೆಸುವುದರಿಂದ ಹೆಚ್ಚಿನ ದಿನಸಿಯ ಅಗತ್ಯವೂ ಇರುವುದಿಲ್ಲ.

4. ಮಾರ್ಗ ಮತ್ತು ಸಮಯ

ಮುದ್ದೇಬಿಹಾಳ, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ದೋರ್ನಾಲ ಮಾರ್ಗವಾಗಿ ಶ್ರೀಶೈಲದ ದೂರವು 400 ಕಿ.ಮೀ. ಮೀರುತ್ತದೆ. ಇಂಡಿ ಭಾಗದಿಂದ ಹೊರಡುವವರಿಗೆ ಇನ್ನೂ ಹೆಚ್ಚು. ಇದನ್ನು ಒಂದೇ ದಿನದಲ್ಲಿ ಕ್ರಮಿಸಲು ಯತ್ನಿಸದೆ, ಮೊದಲ ರಾತ್ರಿ ರಾಯಚೂರು ಸುತ್ತಮುತ್ತ ತಂಗಿ, ಎರಡನೆಯ ದಿನ ಬೆಳಕಿರುವಾಗಲೇ ದೋರ್ನಾಲ ದಾಟುವಂತೆ ಯೋಜಿಸಬೇಕು. ದೋರ್ನಾಲದಿಂದ ಮುಂದಿನ ಘಟ್ಟದ ರಸ್ತೆಯು ನಲ್ಲಮಲ ಅರಣ್ಯದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹಾದು ಹೋಗುವುದರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ತಡವಾಗಿ ತಲುಪಿದವರು ತಪಾಸಣಾ ಠಾಣೆಯ ಬಳಿ ಬೆಳಗಿನವರೆಗೆ ಕಾಯಬೇಕಾಗುತ್ತದೆ. ದಕ್ಷಿಣಕ್ಕೆ ಬಂಡೀಪುರದ ಮೂಲಕ ಹೋಗುವವರಿಗೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದ ಇಂತಹುದೇ ನಿರ್ಬಂಧ ಜಾರಿಯಲ್ಲಿದೆ.

ಯುಗಾದಿಯ ವೇಳೆಗೆ ಈ ಭಾಗದಲ್ಲಿ ಬಿಸಿಲು ತೀವ್ರವಾಗಿರುತ್ತದೆ. ಬೆಳಕು ಹರಿದ ಕೂಡಲೇ ಹೊರಟು, ಮಧ್ಯಾಹ್ನ ನೆರಳಿನಲ್ಲಿ ವಿಶ್ರಮಿಸಿ, ಸಂಜೆ ಕತ್ತಲಾಗುವ ಮೊದಲೇ ಪ್ರಯಾಣ ಮುಗಿಸುವುದು ಒಳ್ಳೆಯದು. ಕಬ್ಬು ನುರಿಸುವ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಕತ್ತಲಲ್ಲಿ ಕಾಣದೆ ಅಪಘಾತಗಳಾಗುತ್ತವೆ. ಸುಗ್ಗಿಯ ಕಾಲದಲ್ಲಿ ಜೋಳ, ತೊಗರಿ ಮುಂತಾದ ಬೆಳೆಗಳನ್ನು ರಸ್ತೆಯ ಮೇಲೆ ಹರವಿ ರಾಶಿ ಮಾಡುವುದರಿಂದ, ಹೊಟ್ಟಿನ ಮೇಲೆ ಗಾಲಿ ಜಾರುವ ಮತ್ತು ಸುತ್ತ ಇಟ್ಟ ಕಲ್ಲುಗಳಿಗೆ ಬಡಿಯುವ ಸಂಭವವಿದೆ. ಈ ಕಾರಣಗಳಿಂದ ರಾತ್ರಿ ಸವಾರಿಯನ್ನು ಸಂಪೂರ್ಣ ವರ್ಜಿಸುವಂತೆ ಸೂಚಿಸಲಾಗಿದೆ.

5. ಡೇರೆ ಹಾಕುವ ಸ್ಥಳ

(ಅ) ಖಾಸಗಿ ಹೊಲದಲ್ಲಿ ಮಾಲೀಕರ, ದೇವಸ್ಥಾನದ ಆವರಣದಲ್ಲಿ ಆಡಳಿತ ಮಂಡಳಿಯ, ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಬೇಕು. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಲ್ಲಿ ತಂಗಲು ಸಂಬಂಧಿಸಿದ ಕಚೇರಿಯಿಂದ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.

(ಆ) ಅಣೆಕಟ್ಟುಗಳ ನಿರ್ಬಂಧಿತ ಪ್ರದೇಶ, ಸಂರಕ್ಷಿತ ಸ್ಮಾರಕಗಳ ಆವರಣ ಮತ್ತು ಅರಣ್ಯ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಡೇರೆ ಹಾಕುವಂತಿಲ್ಲ, ಬೆಂಕಿ ಹೊತ್ತಿಸುವಂತಿಲ್ಲ.

(ಇ) ಭೀಮಾ, ಕೃಷ್ಣಾ ಮತ್ತು ಡೋಣಿ ನದಿಗಳ ಪಾತ್ರದಲ್ಲಿ ಅಥವಾ ದಂಡೆಯ ತಗ್ಗಿನಲ್ಲಿ ರಾತ್ರಿ ಕಳೆಯಬಾರದು. ಇಲ್ಲಿ ಮಳೆಯಾಗದಿದ್ದರೂ ಮೇಲ್ಭಾಗದ ಜಲಾಶಯಗಳಿಂದ ಬಿಟ್ಟ ನೀರು ನದಿಯ ಮಟ್ಟವನ್ನು ಏರಿಸುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹವು ಇಂಡಿ ಮತ್ತು ಸಿಂದಗಿ ಭಾಗದ ನದಿ ತೀರದ ಗ್ರಾಮಗಳಿಗೆ ನುಗ್ಗಿದ್ದನ್ನು ಸಾರ್ವಜನಿಕರು ಸ್ಮರಿಸಬಹುದು. ನೀರು ಹರಿಯುತ್ತಿರುವ ಸೇತುವೆಯನ್ನು ಯಾವ ಸಂದರ್ಭದಲ್ಲೂ ದಾಟಬಾರದು.

(ಈ) ಎರೆ ಹೊಲದಲ್ಲಿ ಒಂದು ಮಳೆ ಬಿದ್ದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ವಾಹನ ಕದಲುವುದಿಲ್ಲ. ಮಳೆಗಾಲದಲ್ಲಿ ವಾಹನವನ್ನು ಗಟ್ಟಿ ನೆಲದಲ್ಲಿಯೇ ನಿಲ್ಲಿಸಿ, ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಇರಿಸುವುದು.

6. ದಾಖಲೆಗಳು

ಚಾಲನಾ ಅನುಜ್ಞಾ ಪತ್ರ, ನೋಂದಣಿ ಪ್ರಮಾಣ ಪತ್ರ, ವಿಮಾ ಪತ್ರ ಮತ್ತು ವಾಯು ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರಗಳು ಪ್ರಯಾಣದ ಕೊನೆಯ ದಿನದವರೆಗೂ ಸಿಂಧುವಾಗಿರಬೇಕು. ಇವುಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಮೊಬೈಲಿನಲ್ಲಿ ತೋರಿಸಿದರೂ ಮಾನ್ಯವಾಗುತ್ತದೆ. ಚಾಲನಾ ಅನುಜ್ಞಾ ಪತ್ರದ ನವೀಕರಣಕ್ಕೆ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಸಲ್ಲಿಸಬಹುದು. ಅವಧಿ ಮುಗಿದು ಒಂದು ವರ್ಷ ಕಳೆದಲ್ಲಿ ಮತ್ತೆ ಚಾಲನಾ ಪರೀಕ್ಷೆ ಎದುರಿಸಬೇಕಾಗುತ್ತದೆ. ಅಪ್ರಾಪ್ತ ವಯಸ್ಕರು ಚಾಲನೆ ಮಾಡಿ ಅಪರಾಧವೆಸಗಿದಲ್ಲಿ, ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂ. ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.

ವಿಮಾ ಪತ್ರದಲ್ಲಿ ಹಿಂಬದಿ ಸವಾರರಿಗೂ ರಕ್ಷಣೆ ಇದೆಯೇ ಎಂಬುದನ್ನು ಹೊರಡುವ ಮೊದಲು ಓದಿ ನೋಡಬೇಕು. ಕೇವಲ ಮೂರನೇ ವ್ಯಕ್ತಿಯ ವಿಮೆ ಇದ್ದು ಅಪಘಾತ ಸಂಭವಿಸಿದಲ್ಲಿ ಹಿಂದೆ ಕುಳಿತವರ ಕುಟುಂಬವು ತೊಂದರೆಗೆ ಸಿಲುಕಬಹುದು. ಇಬ್ಬರೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಧರಿಸಿ, ಪಟ್ಟಿಯನ್ನು ಬಿಗಿದುಕೊಳ್ಳತಕ್ಕದ್ದು.

7. ತುರ್ತು ಸಂದರ್ಭದಲ್ಲಿ

ಪೊಲೀಸ್ ಮತ್ತು ಇತರ ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು. ಅಪಘಾತದ ಗಾಯಾಳುಗಳಿಗೆ ನೆರವಾದವರು ತಮ್ಮ ಹೆಸರು, ವಿಳಾಸ ನೀಡಲೇಬೇಕೆಂಬ ಒತ್ತಾಯವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯ್ದೆಯ 134ಎ ಕಲಂ ಅವರಿಗೆ ಕಾನೂನಿನ ರಕ್ಷಣೆ ನೀಡುತ್ತದೆ. ಆದ್ದರಿಂದ ಹಿಂಜರಿಯದೆ ನೆರವಾಗುವುದು. ಹೊರಡುವವರು ತಾವು ತಂಗುವ ಊರು, ಸೇರುವ ದಿನ ಮತ್ತು ತಮ್ಮ ರಕ್ತದ ಗುಂಪನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರಿಗೆ ಕೊಟ್ಟು, ಅದರ ಪ್ರತಿಯನ್ನು ಜೇಬಿನಲ್ಲಿ ಇರಿಸಿಕೊಳ್ಳಬೇಕು.

ಸಾರ್ವಜನಿಕರು ಮೇಲಿನ ಅಂಶಗಳನ್ನು ಪಾಲಿಸಿ ಸುರಕ್ಷಿತವಾಗಿ ಪ್ರಯಾಣಿಸಲು ಕೋರಲಾಗಿದೆ.