ಸೌದೆ ಒಲೆಯ ಹೊಗೆ ಅಳೆದ ಮುಂಬೈ ವಿಜ್ಞಾನಿ: ಯಾರು ಚಂದ್ರಾ ವೆಂಕಟರಾಮನ್?

ಮುಂಬೈ: ಗಾಳಿಯಲ್ಲಿ ತೇಲುವ ಧೂಳು, ಹೊಗೆ, ಮಸಿಯಂತಹ ಅತಿಸೂಕ್ಷ್ಮ ಕಣಗಳೇ ಏರೋಸಾಲ್. ಭಾರತದಲ್ಲಿ ಇವು ಎಲ್ಲಿಂದ ಹುಟ್ಟುತ್ತವೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರಲ್ಲಿ ಪೊವಾಯಿಯ ಐಐಟಿ ಬಾಂಬೆಯ ಕೆಮಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿ ಚಂದ್ರಾ ವೆಂಕಟರಾಮನ್ ಪ್ರಮುಖರು. ಅವರು ಪಿಎಚ್‌ಡಿ ಪಡೆದಿದ್ದು ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ.

ಒಲೆಯಲ್ಲಿ ಸೌದೆ, ಬೆರಣಿ, ಬೆಳೆ ತ್ಯಾಜ್ಯ ಉರಿಸಿದಾಗ ಎಷ್ಟು ಮಸಿ ಹೊರಬರುತ್ತದೆ ಎಂಬುದನ್ನು ಅವರ ತಂಡ ಅಳೆಯಿತು. ಭಾರತದ ಕಪ್ಪು ಇಂಗಾಲಕ್ಕೆ ಈ ಉರುವಲೇ ಅತಿದೊಡ್ಡ ಮೂಲ ಎಂಬ ಅವರ ಸಂಶೋಧನೆ 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕಪ್ಪು ಇಂಗಾಲ ಬಿಸಿಲನ್ನು ಹೀರಿಕೊಂಡು ಗಾಳಿಯನ್ನು ಬಿಸಿ ಮಾಡುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್‌ನಂತೆ ಶತಮಾನಗಳ ಕಾಲ ಉಳಿಯದೆ, ಕೆಲವೇ ದಿನ ಅಥವಾ ವಾರಗಳಲ್ಲಿ ಗಾಳಿಯಿಂದ ಇಳಿದುಹೋಗುತ್ತದೆ. ಹಾಗಾಗಿ ಹೊಗೆ ಕಡಿಮೆ ಮಾಡಿದರೆ ಫಲ ಬೇಗ ಸಿಗುತ್ತದೆ.

ಈ ಹೊಗೆ ಅಡುಗೆಮನೆಯಲ್ಲೇ ನಿಲ್ಲುವುದಿಲ್ಲ, ಊರಿನ ಗಾಳಿಗೂ ಸೇರುತ್ತದೆ. ಐಐಟಿ ಬಾಂಬೆ ಪಾಲ್ಗೊಂಡಿದ್ದ 2018ರ ಅಂತಾರಾಷ್ಟ್ರೀಯ ವರದಿಯೊಂದರ ಅಂದಾಜಿನಂತೆ, 2015ರಲ್ಲಿ ದೇಶದಲ್ಲಿ ಹೊರಗಿನ ಗಾಳಿಯ ಪಿಎಂ 2.5 ಕಣಗಳಿಂದ ಸುಮಾರು 11 ಲಕ್ಷ ಸಾವು ಸಂಭವಿಸಿದ್ದವು. ಅವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮನೆಗಳಲ್ಲಿ ಸುಡುವ ಉರುವಲು ಕಾರಣ.

ಕೇಂದ್ರ ಪರಿಸರ ಸಚಿವಾಲಯದ ಬೆಂಬಲದಿಂದ 2017ರಲ್ಲಿ ಆರಂಭವಾದ 'ಕೋಲೆಸ್' ಅಧ್ಯಯನ ಜಾಲಕ್ಕೂ ಅವರದೇ ನೇತೃತ್ವ. ದೇಶದ 11 ಕಡೆ ಪಿಎಂ 2.5 ಮಾದರಿ ಸಂಗ್ರಹಿಸಿದ ಈ ಜಾಲದಲ್ಲಿ ಕರ್ನಾಟಕದ ಮೈಸೂರು ಕೂಡ ಸೇರಿದೆ. ನಗರದ ವಾಹನ, ಕಾರ್ಖಾನೆಗಳಷ್ಟೇ ಅಲ್ಲ, ಹಳ್ಳಿಯ ಒಲೆ ಬದಲಾದರೂ ದೇಶದ ಗಾಳಿ ಶುದ್ಧವಾಗುತ್ತದೆ ಎಂಬುದನ್ನು ಈ ಸಂಶೋಧನೆಗಳು ತೋರಿಸುತ್ತವೆ.