ಕೊಸರು, ಕಳವು, ಕಾವಲು

ಸಂತೆಯಲ್ಲಿ ಸೊಪ್ಪು ಕೊಂಡವರು ಕೊಸರು ಕೇಳದೆ ಎದ್ದು ಬಂದದ್ದುಂಟೆ? ಅಳತೆ ಮುಗಿದ ಮೇಲೆ ನಾಲ್ಕು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು, ಒಂದು ಚಿಟಿಕೆ ಕೊತ್ತಂಬರಿ. ಮಾರುವವಳು ಕೊಡದಿದ್ದರೆ ಕೊಳ್ಳುವವಳೇ ಕೈಹಾಕಿ ತೆಗೆದುಕೊಳ್ಳುತ್ತಿದ್ದಳು. ಮಾರುವವಳು ಗೊಣಗುತ್ತಿದ್ದಳು, ಆದರೆ ಕಳ್ಳಿ ಎನ್ನುತ್ತಿರಲಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಇಂದಿಗೂ ರಾಶಿಯ ಮುಂದೆ ನಿಂತು ಎರಡು ಕಾಯಿ ಒಡೆದು ಬಾಯಿಗೆ ಹಾಕಿಕೊಂಡ ಮೇಲೆಯೇ ಸೇರಿಗೆಷ್ಟು ಎಂದು ಕೇಳುವುದು. ರುಚಿ ನೋಡಿ ಕೊಳ್ಳದೆ ಮುಂದೆ ಹೋದರೂ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ.

ಅದೇ ಕೈ ವೈಟ್‌ಫೀಲ್ಡಿನ ಬಳಿಯ ಪಟ್ಟಂದೂರು ಅಗ್ರಹಾರದಂಥ ಕಡೆಯ ಸೂಪರ್ ಮಾರ್ಕೆಟ್ಟಿನಲ್ಲಿ ಎರಡು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡರೆ ಅದು ಕೊಸರೋ ಕಳವೋ? ಕಿತ್ತವರು ಕೊಸರೆಂದುಕೊಂಡಿರಬಹುದು, ಅಂಗಡಿಯ ಲೆಕ್ಕದಲ್ಲಿ ಅದು ನಷ್ಟ. ಹಣ್ಣಿನ ರಸದ ಪೊಟ್ಟಣ ಕುಡಿದು ಖಾಲಿ ಡಬ್ಬಿಯನ್ನು ಬಿಸ್ಕತ್ತಿನ ಹಿಂದೆ ಇಡುವವರು, ಅಗ್ಗದ ವಸ್ತುವಿನ ಬೆಲೆಚೀಟಿಯನ್ನು ದುಬಾರಿಯದಕ್ಕೆ ಅಂಟಿಸುವವರು ಇನ್ನೂ ಒಂದು ಹೆಜ್ಜೆ ಮುಂದೆ. ಇವರಲ್ಲಿ ಹಲವರು ಕತ್ತಲಲ್ಲಿ ಅಡಗಿ ಕದಿಯುವವರಲ್ಲ. ದೀಪಗಳ ಬೆಳಕಿನಲ್ಲಿ, ಹತ್ತು ಜನರ ಎದುರಿಗೇ ಕೈಚಾಚುವವರು. ಕಾಲ ಕೆಟ್ಟಿತು ಎಂದು ನಿಟ್ಟುಸಿರು ಬಿಡುವುದು ಸುಲಭ. ಆದರೆ ಅಂಗಡಿಯ ಚರಿತ್ರೆಯನ್ನು ನೋಡಿದರೆ ಕೆಟ್ಟದ್ದು ಕಾಲ ಮಾತ್ರವಲ್ಲ, ಸರಕಿಗೂ ಗಿರಾಕಿಗೂ ನಡುವೆ ನಿಂತಿದ್ದ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ ಎಂಬುದು ತಿಳಿಯುತ್ತದೆ.

ನಮ್ಮೂರಿನ ಶೆಟ್ಟರ ಅಂಗಡಿಯನ್ನು ನೆನಪಿಸಿಕೊಳ್ಳಿ. ಮುಂದೆ ಹಲಗೆ, ಅದರ ಮೇಲೆ ತಕ್ಕಡಿ, ಪಕ್ಕದಲ್ಲಿ ಗಲ್ಲಾಪೆಟ್ಟಿಗೆ. ಬೆಲ್ಲ, ಬೇಳೆ, ಎಣ್ಣೆ ಎಲ್ಲವೂ ಶೆಟ್ಟರ ಬೆನ್ನ ಹಿಂದೆ. ಗಿರಾಕಿ ಬಾಯಲ್ಲಿ ಹೇಳಬೇಕು, ಅವರು ಕಟ್ಟಿಕೊಡಬೇಕು. ಅಲ್ಲಿ ಕದಿಯಬೇಕಾದರೆ ರಾತ್ರಿ ಬಂದು ಕನ್ನವನ್ನೇ ಕೊರೆಯಬೇಕು. ಅದಕ್ಕೇ ಹಳೆಯ ಶಾಸ್ತ್ರಗಳ ಚಿಂತೆಯೆಲ್ಲ ರಾತ್ರಿಯ ಕಳ್ಳನ ಬಗ್ಗೆ. ವರ್ತಕನು ಊರೊಳಗೆ ತಂಗಿದಾಗ ಅವನ ಸರಕು ರಾತ್ರಿ ಕಳುವಾದರೆ ಗ್ರಾಮದ ಮುಖ್ಯಸ್ಥನೇ ತುಂಬಿಕೊಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಹಗಲಿನಲ್ಲಿ ಗಿರಾಕಿಯಾಗಿ ಬಂದವನು ಕದಿಯುವ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಬಂದವನ ಹೆಸರು ಉದ್ರಿ ಪುಸ್ತಕದಲ್ಲಿ ಇರುತ್ತಿತ್ತು, ಅವನ ಅಪ್ಪನ ಹೆಸರೂ ಅದರ ಹಿಂದಿನ ಪುಸ್ತಕದಲ್ಲಿ ಇರುತ್ತಿತ್ತು. (ಶೆಟ್ಟರ ತಕ್ಕಡಿ ಎಷ್ಟು ನೆಟ್ಟಗಿತ್ತು ಎಂಬುದು ಬೇರೆ ಪ್ರಶ್ನೆ. ಅಳತೆಯ ಕಳವಿಗೆ ಕೊಸರೇ ಗಿರಾಕಿಯ ಉತ್ತರವಾಗಿದ್ದಿರಬಹುದು.)

ಹಗಲು ಕಳವು ದೊಡ್ಡ ಸಮಸ್ಯೆಯಾದದ್ದು ಸರಕನ್ನು ಗಿರಾಕಿಯ ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಹರಡಿಟ್ಟ ಊರುಗಳಲ್ಲಿ. ಲಂಡನ್ ಅವುಗಳಲ್ಲಿ ಒಂದು. ಅಂಗಡಿಯಿಂದ ಐದು ಶಿಲಿಂಗ್ ಅಥವಾ ಹೆಚ್ಚಿನ ಬೆಲೆಯ ವಸ್ತುವನ್ನು ಗುಟ್ಟಾಗಿ ಎತ್ತಿದವರಿಗೆ ಮರಣದಂಡನೆ ಎಂದು ಇಂಗ್ಲೆಂಡಿನಲ್ಲಿ 1699ರಲ್ಲಿ ಕಾನೂನು ಬಂತು. ಒಂದು ತುಂಡು ಬಟ್ಟೆಗೆ ಒಂದು ಜೀವ! ನ್ಯಾಯದರ್ಶಿಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಎದುರಿಗಿದ್ದ ವಸ್ತುವಿನ ಬೆಲೆ ಎಷ್ಟೇ ಇರಲಿ, ಅವರು ಅದನ್ನು ನಾಲ್ಕು ಶಿಲಿಂಗ್ ಹತ್ತು ಪೆನ್ಸ್ ಎಂದು ತೀರ್ಮಾನಿಸಿ ಆರೋಪಿಯ ಕುತ್ತಿಗೆ ಉಳಿಸುತ್ತಿದ್ದುದುಂಟು. ಕಾದಂಬರಿಗಾರ್ತಿ ಜೇನ್ ಆಸ್ಟೆನ್ನಳ ಸೋದರತ್ತೆ ಜೇನ್ ಲೀ ಪೆರೊ ಎಂಬ ಶ್ರೀಮಂತ ಮಹಿಳೆಯ ಮೇಲೆ 1799ರಲ್ಲಿ ಬಾತ್ ನಗರದ ಅಂಗಡಿಯಿಂದ ಕಸೂತಿಪಟ್ಟಿ ಕದ್ದ ಆರೋಪ ಬಂತು. ಬೆಲೆ ಇಪ್ಪತ್ತು ಶಿಲಿಂಗ್. ವಿಚಾರಣೆಯಾಗುವ ತನಕ ತಿಂಗಳುಗಟ್ಟಲೆ ಆಕೆ ಬಂಧನದಲ್ಲಿದ್ದಳು. 1800ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದಳು. ಅಂಗಡಿಯವರೇ ಹಣ ಕೀಳಲು ಪೊಟ್ಟಣದಲ್ಲಿ ಪಟ್ಟಿ ಇಟ್ಟರೋ ಆಕೆಯೇ ಎತ್ತಿದಳೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಅಂಗಡಿ ಕಳವಿಗೆ ಕೊಡುತ್ತಿದ್ದ ಮರಣದಂಡನೆ ರದ್ದಾದದ್ದು 1820ರ ದಶಕದಲ್ಲಿ.

ಆದರೂ ಅಲ್ಲೆಲ್ಲ ಸರಕು ತೆಗೆದು ತೋರಿಸಲು ಒಬ್ಬ ಗುಮಾಸ್ತ ಇದ್ದೇ ಇದ್ದ. ಅವನನ್ನು ತೆಗೆದುಹಾಕಿದವನು ಅಮೆರಿಕದ ಕ್ಲಾರೆನ್ಸ್ ಸಾಂಡರ್ಸ್. 1916ರ ಸೆಪ್ಟೆಂಬರಿನಲ್ಲಿ ಮೆಂಫಿಸ್ ನಗರದಲ್ಲಿ ಆತ ತೆರೆದ ‘ಪಿಗ್ಲಿ ವಿಗ್ಲಿ’ ಅಂಗಡಿಯಲ್ಲಿ ಗಿರಾಕಿ ಬುಟ್ಟಿ ಹಿಡಿದು ತಾನೇ ಒಳಗೆ ಹೋಗಬೇಕು, ತಾನೇ ಆಯಬೇಕು, ಹೊರಬರುವ ಬಾಗಿಲಲ್ಲಿ ಹಣ ಕೊಡಬೇಕು. ದಾರಿ ಒಂದೇ, ಹಾವಿನಂತೆ ಸುತ್ತುವ ದಾರಿ. ಎಲ್ಲ ಸರಕಿನ ಮುಂದೆ ಹಾದುಹೋಗದೆ ಹೊರಬರುವಂತಿಲ್ಲ. 1917ರಲ್ಲಿ ಆತ ಈ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಗಿರಾಕಿಗಳಿಗೆ ತೊಂದರೆಯಾಗದಂತೆ ಅವರ ಮೇಲೆ ಕಣ್ಣಿಡಲು ಮೇಲ್ಗಡೆ ಮೊಗಸಾಲೆಯೂ ಅದರಲ್ಲಿತ್ತು. ಅಂದರೆ ನಂಬಿಕೆಯ ಅಂಗಡಿ ಹುಟ್ಟಿದ ದಿನವೇ ಅದರ ಕಾವಲೂ ಹುಟ್ಟಿತು.

ಲೆಕ್ಕ ಸರಳವಾಗಿತ್ತು. ಗುಮಾಸ್ತರ ಸಂಬಳ ಉಳಿಯಿತು. ಕಣ್ಣಿಗೆ ಕಂಡದ್ದನ್ನೆಲ್ಲ ಬುಟ್ಟಿಗೆ ಹಾಕುವ ಚಪಲದಿಂದ ವ್ಯಾಪಾರ ಏರಿತು. ಅಷ್ಟಿಷ್ಟು ಕಳುವಾದರೆ ಆಗಲಿ, ಅದನ್ನೂ ಬೆಲೆಯಲ್ಲಿ ಸೇರಿಸಿದರಾಯಿತು. ಎತ್ತಿಕೋ ಎತ್ತಿಕೋ ಎಂದು ಕರೆಯುವಂತೆ ಕಪಾಟು ಜೋಡಿಸುವುದು, ಎತ್ತಿಕೊಂಡವನು ಹಣ ಕೊಡದೆ ಹೋದಾಗ ಬೆರಗಾಗುವುದು, ಎರಡೂ ಒಟ್ಟಿಗೆ ಸರಿಹೊಂದುವುದಿಲ್ಲ.

ಬೆಂಗಳೂರಿಗೆ ಈ ಪದ್ಧತಿ ನಿಧಾನವಾಗಿ ಬಂತು. 1905ರಲ್ಲಿ ಬೆಣ್ಣೆಯ ವ್ಯಾಪಾರವಾಗಿ ಹುಟ್ಟಿದ ನೀಲ್‌ಗಿರೀಸ್ 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂದು, ಮುಂದೆ ನಗರದ ಮೊದಲ ಸೂಪರ್ ಮಾರ್ಕೆಟ್‌ಗಳಲ್ಲಿ ಒಂದಾಯಿತು. 1959ರಲ್ಲಿ ಆರಂಭವಾದ ಹಾಪ್‌ಕಾಮ್ಸ್ ಮಳಿಗೆಗಳದು ನಡುದಾರಿ. ಹಣ್ಣು ಕಣ್ಣೆದುರಿಗೇ ಇದ್ದರೂ ತೂಗುವವನು ಅಲ್ಲೇ ಕುಳಿತಿರುತ್ತಾನೆ. ಬೆಲೆ ಹಲಗೆಯ ಮೇಲೆ ಬರೆದಿರುತ್ತದೆ, ಚೌಕಾಸಿಯಿಲ್ಲ, ಕೊಸರೂ ಇಲ್ಲ. 1996ರಲ್ಲಿ ಚೆನ್ನೈಯಲ್ಲಿ ತೆರೆದ ಫುಡ್‌ವರ್ಲ್ಡ್ ಕೆಲವೇ ವರ್ಷಗಳಲ್ಲಿ ಇಲ್ಲಿಯ ಬಡಾವಣೆಗಳಿಗೂ ಕಾಲಿಟ್ಟಿತು. 2001ರಲ್ಲಿ ಬಿಗ್ ಬಜಾರ್ ಬಂತು. 2022ರಲ್ಲಿ ಅದರ ಹೆಸರು ಅಳಿಸಿಹೋದರೂ ಅದು ಕಲಿಸಿದ ‘ಒಂದು ಕೊಂಡರೆ ಒಂದು ಉಚಿತ’ ಉಳಿದಿದೆ. ಹಳೆಯ ಕೊಸರಿನ ಹೊಸ ಅವತಾರವೆಂದರೆ ಅದೇ ಇರಬೇಕು. ಆದರೆ ಈಗ ಕೊಸರು ಎಷ್ಟೆಂದು ನಿರ್ಧರಿಸುವುದು ಕಂಪೆನಿ, ಕೇಳುವ ಬಾಯಿಗೆ ಅಲ್ಲಿ ಕೆಲಸವಿಲ್ಲ.

ಪಟ್ಟಂದೂರು ಅಗ್ರಹಾರದಲ್ಲಿ ಬದಲಾವಣೆ ಇನ್ನೂ ವೇಗವಾಗಿ ನಡೆಯಿತು. ಹೆಸರಿನಲ್ಲಿ ದಾನದ ನೆಲದ ನೆನಪಿರುವ ಈ ಹಳ್ಳಿಯ ಮಗ್ಗುಲಲ್ಲಿ ಟಾಟಾ ಸಂಸ್ಥೆ, ಸಿಂಗಪುರದ ಕಂಪೆನಿಗಳ ಕೂಟ ಮತ್ತು ಕರ್ನಾಟಕ ಸರ್ಕಾರ ಸೇರಿ 1990ರ ದಶಕದಲ್ಲಿ ಐಟಿಪಿಎಲ್ ಕಟ್ಟಿದವು. ಹಿಂದೆಯೇ ಅಪಾರ್ಟ್‌ಮೆಂಟ್‌ಗಳು, ಮಾಲುಗಳು ಬಂದವು. 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ಇಂಥ ಕಡೆ ಅಂಗಡಿಗೆ ಬರುವವರು ಪರಸ್ಪರ ಅಪರಿಚಿತರು. ಈ ವರ್ಷ ಇಲ್ಲಿ, ಮುಂದಿನ ವರ್ಷ ಪುಣೆಯಲ್ಲಿ. ಉದ್ರಿ ಪುಸ್ತಕವಿಲ್ಲ, ಅಪ್ಪನ ಹೆಸರು ಬಲ್ಲವರಿಲ್ಲ.

ಹಾಗಾದರೆ ಕಾಯುವುದು ಹೇಗೆ? ಒಳಗೆ ಹೋಗುವಾಗ ಕೈಚೀಲ ಕಸಿದು ಟೋಕನ್ ಕೊಡುವುದು. ಕೆಲವು ಕಡೆ ಚೀಲದ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುವುದು. ದುಬಾರಿ ವಸ್ತುಗಳಿಗೆ ಬಾಗಿಲಲ್ಲಿ ಕೂಗುವ ಪಟ್ಟಿ ಅಂಟಿಸುವುದು. ಕಪಾಟಿನ ಸಾಲಿಗೊಬ್ಬರಂತೆ ಸಮವಸ್ತ್ರದ ಹುಡುಗ ಹುಡುಗಿಯರನ್ನು ನಿಲ್ಲಿಸುವುದು. ಕೊನೆಗೆ ಹೊರಬಾಗಿಲಲ್ಲಿ ಸೆಕ್ಯುರಿಟಿಯವರು ಬಿಲ್ಲಿಗೆ ತೂತು ಹಾಕುವುದು ಅಥವಾ ಮೊಹರು ಒತ್ತುವುದು. ಇದಲ್ಲದೆ, ಜನ ಹೆಚ್ಚಾಗಿ ಸೇರುವ ಕಟ್ಟಡಗಳಲ್ಲಿ ಕ್ಯಾಮೆರಾ ಇರಲೇಬೇಕು, ಚಿತ್ರಗಳನ್ನು 30 ದಿನ ಕಾಪಾಡಬೇಕು ಎಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ.

ಪಶ್ಚಿಮದ ದೇಶಗಳು ಹಿಡಿದ ದಾರಿ ಇದಕ್ಕೆ ವಿರುದ್ಧ. ಅಲ್ಲಿ ಮನುಷ್ಯನ ದುಡಿಮೆ ದುಬಾರಿ. ಹಾಗಾಗಿ ಬಿಲ್ಲು ಹಾಕುವವನನ್ನೂ ತೆಗೆದು, ಗಿರಾಕಿಯೇ ಯಂತ್ರದಲ್ಲಿ ಬಿಲ್ಲು ಮಾಡಿಕೊಳ್ಳುವ ಏರ್ಪಾಟು ಮಾಡಿದರು. ಕಳ್ಳನನ್ನು ತಡೆಯಲು ಹೋಗಿ ಪೆಟ್ಟು ತಿನ್ನಬೇಡಿ ಎಂದು ಎಷ್ಟೋ ಅಂಗಡಿಗಳು ನೌಕರರಿಗೆ ಹೇಳಿವೆ. ಪರಿಣಾಮವಾಗಿ ಚೀಲ ತುಂಬಿಸಿಕೊಂಡು ಸಾವಧಾನವಾಗಿ ಹೊರನಡೆಯುವವರನ್ನು ನೌಕರರೂ ಗಿರಾಕಿಗಳೂ ನಿಂತು ನೋಡುವಂತಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರಲ್ಲಿ ಪೊಲೀಸರು ದಾಖಲಿಸಿದ ಅಂಗಡಿ ಕಳವುಗಳೇ ಐದು ಲಕ್ಷ ದಾಟಿದವು. 200 ಪೌಂಡ್‌ಗಿಂತ ಕಡಿಮೆ ಬೆಲೆಯ ಕಳವನ್ನು ಸಣ್ಣ ಅಪರಾಧವಾಗಿ ಕಾಣುವ 2014ರ ತಿದ್ದುಪಡಿಯೇ ಇದಕ್ಕೆ ಕಾರಣವೆಂದು ವರ್ತಕರು ದೂರಿದರು. ಕ್ಯಾಲಿಫೋರ್ನಿಯದಲ್ಲೂ 950 ಡಾಲರಿನ ಮಿತಿಯ ಬಗ್ಗೆ ಇದೇ ಜಗಳ ನಡೆದು, 2024ರ ನವೆಂಬರಿನಲ್ಲಿ ಮತದಾರರು ಮತ್ತೆ ಮತ್ತೆ ಕದಿಯುವವರಿಗೆ ಶಿಕ್ಷೆ ಬಿಗಿಗೊಳಿಸಿದರು. ಕಾನೂನಿನ ಪಾತ್ರ ಇದ್ದೀತು. ಆದರೆ ಖಾಲಿ ಅಂಗಡಿಯ ಪಾತ್ರ ಅದಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ.

ನಮ್ಮಲ್ಲಿ ಅಂಗಡಿ ಖಾಲಿಯಾಗಲಿಲ್ಲ. ಸಂಬಳ ಅಗ್ಗವಾದ್ದರಿಂದ ಮನುಷ್ಯನನ್ನು ಮರಳಿ ತಂದು ನಿಲ್ಲಿಸಿದೆವು, ಆದರೆ ಮಾರುವವನಾಗಿ ಅಲ್ಲ, ಕಾಯುವವನಾಗಿ. ಶೆಟ್ಟರಿಗೆ ಕೊಸರು ಕೊಡುವ ಅಧಿಕಾರವಿತ್ತು, ಇವನಿಗೆ ಸಂಶಯಪಡುವ ಅಧಿಕಾರ ಮಾತ್ರ. ಸಂಶಯವೂ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಕೊರಳಲ್ಲಿ ಕಂಪೆನಿಯ ಗುರುತಿನ ಚೀಟಿ ನೇತಾಡುವವರು ದ್ರಾಕ್ಷಿ ತಿಂದರೆ ರುಚಿ ನೋಡಿದಂತೆ. ಕಟ್ಟಡ ಕೆಲಸದ ಕೂಲಿಯೊಬ್ಬ ಸೋಪಿನ ಮುಂದೆ ಎರಡು ನಿಮಿಷ ಹೆಚ್ಚು ನಿಂತರೆ ಸಮವಸ್ತ್ರದವನು ಹಿಂದೆ ಬಂದು ನಿಲ್ಲುತ್ತಾನೆ. ಹೀಗೆ ನಿಲ್ಲುವವನೂ ಅಂಥದೇ ಹಳ್ಳಿಯಿಂದ ಬಂದವನಾಗಿರುತ್ತಾನೆ.

ಸಿಕ್ಕಿಬಿದ್ದರೆ ಏನಾಗುತ್ತದೆ? ಹತ್ತು ಪಟ್ಟು ದಂಡ ಕಟ್ಟಿಸಿಕೊಳ್ಳುವುದು, ಫೋಟೊ ಹಿಡಿದು ಗೋಡೆಗೆ ಅಂಟಿಸುವುದು, ಎರಡೇಟು ಹಾಕಿ ಓಡಿಸುವುದು, ಇವೆಲ್ಲ ಅಂಗಡಿಗಳು ತಾವೇ ಮಾಡಿಕೊಂಡ ಕಾನೂನು. ದಂಡ ಹಾಕುವ ಅಧಿಕಾರ ಯಾವ ಅಂಗಡಿಗೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಈ ವಿಷಯದಲ್ಲಿ ಹಳೆಯ ದಂಡಸಂಹಿತೆಗಿಂತ ಮೃದು. ಕದ್ದದ್ದರ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ತಪ್ಪಿತಸ್ಥನಾದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಶಿಕ್ಷೆ ಸಮುದಾಯ ಸೇವೆ. ಆದರೆ ಅದೇ ಸಂಹಿತೆಯ ಇನ್ನೊಂದು ಕಲಮು, ಸರಕು ಕಾಪಾಡಲು ಬಳಸುವ ಕಟ್ಟಡದೊಳಗಿನ ಕಳವಿಗೆ ಏಳು ವರ್ಷದವರೆಗೆ ಸೆರೆ ಎನ್ನುತ್ತದೆ. ಒಂದೇ ಚಾಕೊಲೇಟು ಯಾವ ಕಲಮಿಗೆ ಬೀಳುತ್ತದೆ ಎಂಬುದು ದೂರು ಬರೆಯುವವರ ಕೈಯಲ್ಲಿದೆ. ಇನ್ನು ದ್ರಾಕ್ಷಿಯ ಮಾತು: ಸಾಮಾನ್ಯ ವಿವೇಕವುಳ್ಳ ಯಾರೂ ದೂರಲಾರದಷ್ಟು ಅಲ್ಪವಾದ ಹಾನಿ ಅಪರಾಧವೇ ಅಲ್ಲ ಎಂಬ ನಿಯಮ ಹಳೆಯ ಸಂಹಿತೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಕೊಸರಿಗೆ ಕಾನೂನಿನಲ್ಲಿ ಉಳಿದಿರುವ ಜಾಗ ಅಷ್ಟೇ.

ನಷ್ಟವನ್ನು ಯಾರು ಹೊರುತ್ತಾರೆ? ಮುಖ್ಯವಾಗಿ ಬೆಲೆಯ ಮೂಲಕ ಎಲ್ಲ ಗಿರಾಕಿಗಳೂ. ಕಣ್ಣೆದುರು ಕಳವಾಗುವಾಗ ನಮಗೇಕೆ ಎಂದು ಮುಖ ತಿರುಗಿಸುವವರ ಬಿಲ್ಲಿನಲ್ಲೂ ಅದರ ಪಾಲಿರುತ್ತದೆ. ಇನ್ನೊಂದು ಹೊರೆ ಬೀಳಬಹುದಾದದ್ದು ಕಪಾಟಿನ ಬಳಿ ನಿಂತವರ ಮೇಲೆ. ನೌಕರನ ವಶಕ್ಕೆ ನಿರ್ದಿಷ್ಟವಾಗಿ ಒಪ್ಪಿಸಿದ ಸರಕು ಅವನ ಅಲಕ್ಷ್ಯದಿಂದಲೇ ನಷ್ಟವಾದರೆ ಮಾತ್ರ, ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ಸಂಬಳದಲ್ಲಿ ಹಿಡಿಯಬಹುದೆಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. ಅದರ ಸ್ಥಾನಕ್ಕೆ ಬಂದ ವೇತನ ಸಂಹಿತೆಯಲ್ಲೂ ಈ ರಕ್ಷಣೆ ಇದೆ. ನೂರಾರು ಜನ ಮುಟ್ಟಿ ಹೋಗುವ ಕಪಾಟನ್ನು ಒಬ್ಬ ಹುಡುಗಿಯ ‘ವಶ’ ಎನ್ನಲಾದೀತೆ? ಈ ಪ್ರಶ್ನೆಯನ್ನು ಕೇಳುವಷ್ಟು ಧೈರ್ಯ ಗುತ್ತಿಗೆಯ ಕೆಲಸದಲ್ಲಿ ಎಷ್ಟು ಜನರಿಗೆ ಇದ್ದೀತು?

ಗಿರಾಕಿಗಳು ಸಿಟ್ಟಾದ ಒಂದು ಸಂದರ್ಭ ದಾಖಲೆಯಲ್ಲಿದೆ. ಮನೆಯಿಂದ ತಂದ ಚೀಲ ಒಳಗೆ ಬಿಡುವುದಿಲ್ಲ, ಬಿಲ್ಲು ಹಾಕುವಾಗ ಮಾತ್ರ ಚೀಲಕ್ಕೆ ಬೇರೆ ದುಡ್ಡು. ಕಳವಿನ ಭಯವೇ ವ್ಯಾಪಾರವಾದ ಕತೆಯಿದು. ಮೊದಲೇ ತಿಳಿಸದೆ ಹೀಗೆ ಚೀಲಕ್ಕೆ ಹಣ ಪಡೆಯುವುದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ಆದೇಶಿಸಿತು.

ಇದೇ ಬೆಂಗಳೂರಿನಲ್ಲಿ ಇನ್ನೊಂದು ಪ್ರಯೋಗವೂ ನಡೆದಿದೆ. ದೋಸೆ ಹಿಟ್ಟು ಮಾರುವ ಐಡಿ ಫ್ರೆಶ್ ಕಂಪೆನಿ 2016ರಲ್ಲಿ ಅಪಾರ್ಟ್‌ಮೆಂಟ್‌ಗಳಲ್ಲಿ, ಕಚೇರಿಗಳಲ್ಲಿ ‘ಟ್ರಸ್ಟ್ ಶಾಪ್’ ಎಂಬ ಶೀತಲ ಪೆಟ್ಟಿಗೆಗಳನ್ನು ಇಟ್ಟಿತು. ಮಾರುವವರಿಲ್ಲ, ಕಾಯುವವರಿಲ್ಲ, ಕ್ಯಾಮೆರಾವೂ ಇಲ್ಲ. ಹಿಟ್ಟು ತೆಗೆದುಕೊಂಡು ಹಣ ಹಾಕಿ ಹೋಗಬೇಕು. ಆದರೆ ಅವನ್ನು ಇಟ್ಟದ್ದು ಗೇಟಿನೊಳಗೆ, ಬೆಳಗಾದರೆ ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಾದ ಜನರ ನಡುವೆ. ಆ ಗೇಟಿನಲ್ಲಿ ಮನೆಗೆಲಸದವರ ಚೀಲಗಳನ್ನು ಸಂಜೆ ತೆರೆದು ನೋಡುವ ಪದ್ಧತಿ ನಗರದ ಎಷ್ಟೋ ಕಡೆ ಇನ್ನೂ ಇದೆ.