ನಂದಿಯ ಶಿಲೆಯೂ ನೆಳಲಿನ ಶಾಸ್ತ್ರವೂ

ನಂದಿಬೆಟ್ಟದ ಬುಡದಲ್ಲಿ, ಚಿಕ್ಕಬಳ್ಳಾಪುರಕ್ಕೆ ಅನತಿದೂರದಲ್ಲಿರುವ ಭೋಗನಂದೀಶ್ವರ ದೇವಾಲಯವನ್ನು ಇತಿಹಾಸಜ್ಞರು ಬಹುವಾಗಿ ವರ್ಣಿಸಿರುವರು. ಬಾಣರಾಜನ ಮಡದಿ ರತ್ನಾವಳಿಯ ಹೆಸರನ್ನೂ, ಒಂಬತ್ತನೆಯ ಶತಮಾನದ ಆದಿಭಾಗದ ತಾಮ್ರಶಾಸನವನ್ನೂ, ವಿಜಯನಗರದ ಕಾಲದವರೆಗೆ ಬೆಳೆಯುತ್ತ ಬಂದ ಮಂಟಪಪ್ರಾಕಾರಗಳನ್ನೂ ಕುರಿತ ಬರಹಕ್ಕೆ ಕೊರತೆಯಿಲ್ಲ. ಬೆಳಕನ್ನೂ ನೆಳಲನ್ನೂ ವೃತ್ತಿಸಾಧನವಾಗಿ ಉಳ್ಳ ಚಿತ್ರಗಾರನು ಮಾತ್ರ ಅಲ್ಲಿ ಶಾಸನಕ್ಕಿಂತ ಮೊದಲು ಜಾಲಂಧ್ರಗಳನ್ನು ನೋಡುವನು. ಆ ಕಲ್ಲಿನ ಕಿಟಕಿಗಳಲ್ಲಿ ನರ್ತಿಸುವ ಶಿವನೂ, ಮಹಿಷನ ಶಿರಸ್ಸಿನ ಮೇಲೆ ನಿಂತ ದುರ್ಗೆಯೂ ಶಿಲೆಯನ್ನು ಕೊರೆದು ತೆಗೆದುದರಿಂದಲೇ ಮೂಡಿರುವರು: ಒಳಗೆ ನಿಂತವನಿಗೆ ಬೆಳಕು ಹಿನ್ನೆಲೆಯಾಗಿ ಮೂರ್ತಿಯು ಕಪ್ಪಾಗುವುದು, ಹೊರಗೆ ನಿಂತವನಿಗೆ ಗುಡಿಯ ಕತ್ತಲೆಯೇ ಹಿನ್ನೆಲೆಯಾಗಿ ಬಿಸಿಲು ತಗುಲಿದ ಅದೇ ಮೂರ್ತಿಯು ಉಜ್ಜ್ವಲವಾಗುವುದು. ಶಿಲ್ಪಿಯು ನೆಳಲನ್ನು ಕೆತ್ತಲಾರನು. ತಗ್ಗನ್ನು ಕೆತ್ತಿ, ಉಳಿದುದನ್ನು ಸೂರ್ಯನಿಗೆ ಒಪ್ಪಿಸುವನು. ಗೌರಿಬಿದನೂರು ಸೀಮೆಯ ವಿದುರಾಶ್ವತ್ಥವು 1938ರ ಧ್ವಜಸತ್ಯಾಗ್ರಹದ ಗೋಲಿಬಾರಿನಿಂದ ನಾಡಿಗೆಲ್ಲ ಪರಿಚಿತವಾದುದು ನ್ಯಾಯವೇ ಸರಿ. ಅಲ್ಲಿನ ನಾಗರಕಲ್ಲುಗಳ ಮುಂದೆಯೂ ಇದೇ ಪಾಠವನ್ನು ಕಲಿಯಬಹುದು. ಮೋಡ ಕವಿದ ದಿನ ಸಪಾಟಾಗಿ ತೋರುವ ಹೆಡೆಯೂ ಸುರುಳಿಯೂ ಓರೆಬಿಸಿಲು ಬಿದ್ದೊಡನೆ ಕಲ್ಲಿನಿಂದ ಎದ್ದು ನಿಲ್ಲುವುವು.

ಸೂರ್ಯನ ನೆರವಿಲ್ಲದ ವರ್ಣಚಿತ್ರಕಾರನಿಗೆ ಈ ಕಾರ್ಯವನ್ನು ಕುಂಚದಿಂದಲೇ ಮಾಡಬೇಕಾಗುವುದು. ಅದಕ್ಕೆ ವಿಧಿಯನ್ನು ಬರೆದಿಟ್ಟವನು ನಮ್ಮ ನಾಡಿನ ಅರಸನೇ ಎಂಬುದನ್ನು ಇಂದು ಪರದೆಯ ಮೇಲೆ ಚಿತ್ರ ಬರೆಯುವ ತರುಣರಲ್ಲಿ ಎಷ್ಟು ಮಂದಿ ಬಲ್ಲರು? 1126ರಿಂದ 1138ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು, ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥ ಚಿಂತಾಮಣಿಯೆಂದೂ ಹೆಸರಾದ ತನ್ನ ಸಂಸ್ಕೃತ ಗ್ರಂಥದ ಚಿತ್ರಪ್ರಕರಣದಲ್ಲಿ, ರೂಪದ ಉಬ್ಬಿದ ಭಾಗಕ್ಕೆ ಉಜ್ಜ್ವಲ ವರ್ಣವನ್ನೂ ತಗ್ಗಿದ ಭಾಗಕ್ಕೆ ಶ್ಯಾಮಲ ವರ್ಣವನ್ನೂ ಹಚ್ಚತಕ್ಕದ್ದೆಂದೂ, ಒಂದೇ ಬಣ್ಣವಾದರೂ ಅದರ ತಾರತಮ್ಯದಿಂದಲೇ ಈ ಭೇದವನ್ನು ಸಾಧಿಸತಕ್ಕದ್ದೆಂದೂ ವಿಧಿಸಿರುವನು. ಅದಕ್ಕಿಂತ ಪ್ರಾಚೀನವಾದ ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಛಾಯೆಗೊಳಿಸುವ ಈ ಕ್ರಮವನ್ನು ವರ್ತನೆಯೆಂದು ಕರೆದು, ಮೂರು ಬಗೆಯಾಗಿ ವಿಂಗಡಿಸಿ, ಅವುಗಳಲ್ಲೊಂದನ್ನು ಬಿಂದುಗಳಿಂದ ಸಾಧಿಸಬೇಕೆನ್ನುವುದು. ಸೋಮೇಶ್ವರನ ವಿಧಿಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಅದರಲ್ಲಿ ಇಲ್ಲದಿರುವ ಒಂದು ಪ್ರಶ್ನೆ: ದೀಪವು ಯಾವ ದಿಕ್ಕಿನಲ್ಲಿದೆ? ಅವನ ಬೆಳಕು ದೇಹದ ಉನ್ನತಿಗೆ ಸೇರಿದ್ದೇ ಹೊರತು ಹೊರಗಿನ ಸೂರ್ಯನಿಗಲ್ಲ. ಆದುದರಿಂದಲೇ ಆ ವಿಧಿಯಂತೆ ಬರೆದ ಮುಖಕ್ಕೆ ಗುಂಡುತನ ಬರುವುದು, ಕಾಲಡಿಯಲ್ಲಿ ನೆಲದ ಮೇಲೆ ನೆಳಲು ಬೀಳಬೇಕಾದುದಿಲ್ಲ.

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಗಡಿ ದಾಟಿದರೆ ಸಿಗುವ ಲೇಪಾಕ್ಷಿಯ, ಹದಿನಾರನೆಯ ಶತಮಾನದ ಛಾವಣಿಚಿತ್ರಗಳಲ್ಲಿ ಈ ವರ್ತನೆಯೂ ಬಹುಮಟ್ಟಿಗೆ ಅಳಿದು, ಕಪ್ಪು ರೇಖೆಯೂ ಸಮತಲವಾದ ಬಣ್ಣವೂ ರಾಜ್ಯವಾಳುವುವು. ಇದನ್ನು ಕಲೆಯ ಅವನತಿಯೆಂದು ಬಗೆಯುವವರ ಮಾತನ್ನು ನಾನು ಒಪ್ಪೆನು. ಮಂಟಪದ ಮಬ್ಬಿನಲ್ಲಿ, ಕತ್ತೆತ್ತಿ ದೂರದಿಂದ ನೋಡತಕ್ಕ ಚಿತ್ರದಲ್ಲಿ ಸೂಕ್ಷ್ಮವಾದ ಛಾಯೆಯು ಕರಗಿಹೋಗುವುದು. ಖಚಿತವಾದ ರೇಖೆಯೊಂದೇ ಕಥೆಯನ್ನು ಕೆಳಗಿನವನಿಗೆ ಮುಟ್ಟಿಸಬಲ್ಲುದು.

ದಿಕ್ಕುಳ್ಳ ಬೆಳಕು ಈ ಸೀಮೆಯ ಚಿತ್ರಕ್ಕೆ ಸೈನ್ಯದ ಹಿಂದೆ ಬಂದಿತು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಪಡೆಯು ನಂದಿದುರ್ಗವನ್ನು ಹಿಡಿಯಿತು. ಆ ಯುದ್ಧದಲ್ಲಿ ಸೇನೆಯೊಡನೆ ಸಂಚರಿಸಿದ ರಾಬರ್ಟ್ ಹೋಮ್ ಎಂಬ ಆಂಗ್ಲ ಚಿತ್ರಕಾರನು ತಾನು ಕಂಡ ಮೈಸೂರು ಸೀಮೆಯ ದೃಶ್ಯಗಳನ್ನು 1794ರಲ್ಲಿ ಅಚ್ಚಾದ ಗ್ರಂಥದಲ್ಲಿ ಪ್ರಕಟಿಸಿದನು. ಐರೋಪ್ಯರ ಇಂತಹ ಫಲಕಗಳಲ್ಲಿ ಬೆಟ್ಟದ ಒಂದು ಮಗ್ಗುಲು ಬೆಳಗಿದರೆ ಮತ್ತೊಂದು ಕಪ್ಪಾಗುವುದು. ಮರ, ಮನುಷ್ಯ, ಕೋಟೆಗಳೆಲ್ಲವೂ ಒಂದೇ ಸೂರ್ಯನಿಗೆ ಅಧೀನವಾಗಿ ಒಂದೇ ಕಡೆಗೆ ನೆಳಲನ್ನು ಚಾಚುವುವು.

ಇಂದಿನ ಡಿಜಿಟಲ್ ಚಿತ್ರಗಾರನು ಮೂಲಬಣ್ಣದ ಮೇಲೆ ಮಲ್ಟಿಪ್ಲೈ ಎಂಬ ಪದರವನ್ನು ಹಾಸಿ ನೆಳಲನ್ನು ತುಂಬುವನು. ಕೆಳಗಿನ ಬಣ್ಣವು ಅಳಿಯದೆ ಗಾಢವಾಗುವುದರಿಂದ ಇದು ಒಂದೇ ವರ್ಣದ ತಾರತಮ್ಯವಲ್ಲದೆ ಬೇರೆಯಲ್ಲ. ಹೊಳಪಿಗೆ ಮತ್ತೊಂದು ಪದರ; ಮೂಗಿನ ನೆಳಲು ತುಟಿಯ ಮೇಲೆ ಬೀಳುವುದಕ್ಕೆ ಇನ್ನೊಂದು. ಪದರವೆಲ್ಲವೂ ಸರಿಯಿದ್ದೂ ಮುಖವು ಮೇಣದ ಬೊಂಬೆಯಂತೆ ಕಾಣುವುದುಂಟು. ಉಬ್ಬುತಗ್ಗಿಗೆ ಒಂದು ಬೆಳಕನ್ನೂ ಬೀಳುವ ನೆಳಲಿಗೆ ಇನ್ನೊಂದು ಬೆಳಕನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದುದೇ ಇದಕ್ಕೆ ಸಾಮಾನ್ಯವಾದ ಕಾರಣ.

ಈ ತೊಡಕು ರೇಷ್ಮೆಯನ್ನು ಬರೆಯುವಾಗ ಕಡುವಾಗುವುದು. ಚಿಂತಾಮಣಿ, ಶಿಡ್ಲಘಟ್ಟಗಳ ಹಿಪ್ಪುನೇರಳೆ ತೋಟಗಳ ಸೊಪ್ಪನ್ನು ತಿಂದು ಬೆಳೆದ ಹುಳು ಕಟ್ಟಿದ ಗೂಡಿನಿಂದ ಬಿಚ್ಚಿದ ಎಳೆಯನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹೆಚ್ಚುಕಡಿಮೆ ತ್ರಿಕೋನಾಕಾರವಾಗಿರುವುದು. ಅದರ ನುಣುಪಾದ ಮೈಗಳು ಬಿದ್ದ ಬೆಳಕನ್ನು ಚದುರಿಸದೆ ಒಂದು ದಿಕ್ಕಿಗೆ ಹಿಂದಿರುಗಿಸುವುವು. ಹತ್ತಿಯ ನಿರಿಗೆಗೆ ಮಂದವಾದ, ಅಗಲವಾದ ಬೆಳಕು ಸಾಕು. ಸೋಮೇಶ್ವರನ ವಿಧಿಯೊಂದರಿಂದಲೇ ಅದನ್ನು ಬರೆಯಬಹುದು. ರೇಷ್ಮೆಯ ನಿರಿಗೆಯಲ್ಲಿ ಹೊಳಪಿನ ಗೆರೆಯು ಕಿರಿದಾಗಿ, ತೀಕ್ಷ್ಣವಾಗಿ, ಅನೇಕ ವೇಳೆ ಉಬ್ಬಿನ ತುದಿಯನ್ನು ಬಿಟ್ಟು ಅದರ ಇಳಿಜಾರಿನಲ್ಲಿ ಹರಿಯುವುದು. ನೋಡುವವನು ಒಂದು ಹೆಜ್ಜೆ ಸರಿದರೆ ಅದೂ ಸರಿಯುವುದು. ಅದನ್ನು ಬರೆಯುವವನು ದೀಪವೆಲ್ಲಿದೆಯೆಂಬುದನ್ನೂ, ತಾನೆಲ್ಲಿ ನಿಂತಿರುವೆನೆಂಬುದನ್ನೂ ಮೊದಲು ನಿರ್ಧರಿಸಿಕೊಂಡೇ ಲೇಖನಿಯನ್ನು ಪರದೆಗೆ ತಾಗಿಸಬೇಕಾಗುವುದು.